ಬೆಂಚಿನ ಆ ತುದಿ

ಅಯೋವಾದ ಆ ಚಿಕ್ಕ ಊರಿನ ಮೂಳೆ ಡಾಕ್ಟರ ಬಳಿ, ಮುರಿದ ಮಣಿಕಟ್ಟಿನೊಂದಿಗೆ ಕಾದು ಕೂತಿದ್ದ ಲೊರೆಟ್ಟಾಗೆ ಎದುರಿನ ಹುಡುಗರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಇಬ್ಬರ ತಲೆಯ ಮೇಲೂ ಕಾಲೇಜಿನ ಬೇಸ್‌ಬಾಲ್ ತಂಡದ ಟೋಪಿ. ಅವರಲ್ಲಿ ಚೆಂಡೆಸೆಯುವವನಾದ ಕೋಲ್ಬಿಯ ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಪಟ್ಟಿಯಲ್ಲಿ ತೂಗುತ್ತಿತ್ತು.

"ನಿನ್ನೆನೂ ಸೋತ್ವಿ ಕಣೋ," ಎಂದ ಗೆಳೆಯ. "ನೀನು ಆಟ ಬಿಟ್ಮೇಲೆ ಒಂದೂ ಗೆದ್ದಿಲ್ಲ. ಸೀಸನ್ ಮುಗೀತು."

"ಟ್ಯಾನರ್, ಅವತ್ತು ನನ್ನ ಕೊನೇ ಆಟದಲ್ಲಿ, ಬೆಂಚಿನ ಆ ತುದೀಲಿ ನಾನು ಮೊಣಕೈ ಹಿಡ್ಕೊಂಡು ಕೂತಿದ್ದು ನೋಡಿದ್ಯಾ?"

"ಎಲ್ರೂ ನೋಡಿದ್ವಿ."

"ಮತ್ತೆ?"

"ಆಟ ಶುರುವಾದಾಗಿಂದ ಎದುರು ತಂಡದೋರಿಗೆ ಒಂದು ಹೊಡೆತಾನೂ ಬಿಟ್ಟುಕೊಟ್ಟಿರ್ಲಿಲ್ವಲ್ಲೋ ನೀನು! ಅಂಥ ಹೊತ್ನಲ್ಲಿ ಎಸೆಯೋನನ್ನ ಯಾರು ಮಾತಾಡಿಸ್ತಾರೆ? ಅದೃಷ್ಟ ಕೆಡುತ್ತೆ ಅಂತ ಕೋಚೇ ಬೆಂಚಿನ ಈ ತುದಿಗೆ ಬಂದು ಕೂತ್ರು."

"ಯಾರಾದ್ರೂ ಕೇಳ್ಲಿ ಅಂತ ಕಾಯ್ತಿದ್ದೆ ಕಣೋ."

"ನೀನೇ ಹೇಳ್ಬೇಕಿತ್ತು."

"ಅದೃಷ್ಟ ಕೆಡುತ್ತೆ ಅಂತ ನಂಗೂ ಗೊತ್ತಿತ್ತಲ್ಲ."

ಲೊರೆಟ್ಟಾ ಓದದ ಪತ್ರಿಕೆಯ ಪುಟ ತಿರುವಿದಳು.

"ಇನ್ಮೇಲೆ ಎಸೆಯೋಕಾಗುತ್ತೋ ಇಲ್ವೋ, ಡಾಕ್ಟ್ರು ಇವತ್ತು ಹೇಳ್ತಾರಲ್ವಾ?" ಎಂದ ಟ್ಯಾನರ್.

"ಹ್ಞೂಂ. ಅವ್ರ ಮುಖ ಹೋದ್ಸಲಾನೇ ಹೇಳಿತ್ತು ಬಿಡು."

ನರ್ಸ್ ಕೋಲ್ಬಿಯ ಹೆಸರು ಕೂಗಿದಳು. ಇಬ್ಬರೂ ಎದ್ದರು.

"ಏನೇ ಅಂದ್ರೂ ಸರಿ," ಎಂದ ಕೋಲ್ಬಿ ಬಾಗಿಲ ಬಳಿ, "ವಾಪಸ್ ಹೋಗ್ತಾ ಕಾರಲ್ಲಿ ಸುಮ್ನೆ ಕೂತಿರ್ಬೇಡ ಕಣೋ. ಏನಾದ್ರೂ ಮಾತಾಡ್ತಿರು."