ಹಿತ್ತಲದಾಗಿನ ಕೋಳಿ

…ಅಯ್ಯ, ಮೂಗಿಗ್ಯಾಕ ಸೆರಗ ಹಿಡದೀರಿ ವಸಂತಕ್ಕಾರ? ಆ ಬುಟ್ಟಿ ಎತ್ತಿ ನೋಡಬ್ಯಾಡ್ರಿ, ಅದರ ಕೆಳಗ ಏನೂ ಇಲ್ಲ! ಲಿಂಗವಂತರ ಮನಿ ಹಿತ್ತಲದಾಗ ಕೋಳಿ ಸಾಕ್ತಾರೇನ್ರಿ? ಶಿವ ಶಿವಾ! ಈ ಶಿವಬಸವ್ವನ ಮಾರಿ ನೋಡ್ರಿ. ಪೂಜಿ ಆಗದ ಒಂದ ಗುಟುಕ ಚಾ ಕುಡೀದ ಮಾರಿ ಇದು.

ಹೌದ್ರಿ, ಬರದೀನಿ. ನಮ್ಮ ಅಕ್ಕನ ಬಳಗದ ವಾಟ್ಸಾಪಿನ್ಯಾಗ ನಾನ ಬರದೀನಿ, 'ನಮ್ಮ ಹಿತ್ತಲದಾಗಿನ ಕೋಳಿ ತತ್ತಿ ಇಟ್ಟದ' ಅಂತ. ಆದ್ರ ಕೇಳ್ರಿಲ್ಲೆ… ಮರಾಠಿಯೊಳಗ ಜೇಡಕ್ಕ 'ಕೋಳಿ' ಅಂತಾರಲ್ರಿ! ಮೂವತ್ತು ವರ್ಷ ಈ ಪುಣೆದ ನಿಗಡಿಯೊಳಗ ಇದ್ದು ನಿಮಗ ಗೊತ್ತಿಲ್ಲ? ನನಗೂ ಗೊತ್ತಿರ್ಲಿಲ್ಲ, ತಗೋರಿ. ಬಾಜೂ ಮನಿ ಕೃಷ್ಣಾಜಿ ಅದಾರಲ್ಲ, ಹುಳಾ-ಹುಪ್ಪಡಿ ಫೋಟೋ ತಗಿಯೋರು… ಹೋದ ವರ್ಷ ಕಂಪೌಂಡಿನ ಆ ಕಡಿಂದ 'ವಹಿನಿ, ಕೋಳಿ! ಕೋಳಿ!' ಅಂತ ಒದರಿದ್ರು. ನಾ ಕಸಬರಿಗಿ ಹಿಡಕೊಂಡು 'ಹುಶ್ ಹುಶ್' ಅನಕೋತ ಹಿತ್ತಲ ತುಂಬ ಓಡಾಡೀನಿ! ನಗಬ್ಯಾಡ್ರಿ… ನಗಬ್ಯಾಡ್ರಿ ಅಂದ್ರ! ಮರದಿನ ಪಾಪ, ಮೊಬೈಲಿಗೆ ಸಿಗಿಸೂ ಭೂತಗನ್ನಡಿ ತಂದು ಕೊಟ್ರು. ಅವತ್ತಿಂದ ಹತ್ತೇದ ಈ ಹುಚ್ಚ.

ಬರ್ರಿ, ದಾಸವಾಳ ಗಿಡದ ಹತ್ರ. ಹಗೂರ! ಮಳಿ ಹಿಂದ ಸರದು ದಸರಾ ಆದ ಮ್ಯಾಲ ಈ ಜೇಡಗಳದ ಸಂತಿ. ಎಳಿ ಬಿಸಲಾಗ ಬಲಿ ಹೆಂಗ ಹೊಳೀತದ ನೋಡ್ರಿ. ನಡುವ ಕುಂತಾಳಲ್ಲ, ಆಕಿನ. ಬೆನ್ನ ಮ್ಯಾಲ ಅಡ್ಡ ಪಟ್ಟಿ ಕಂಡ್ವಿಲ್ಲ? ವಿಭೂತಿ! ಯಾರ ಹಚ್ಯಾರ ಹೇಳ್ರಿ? ಅಂವನ, ಮ್ಯಾಲಿನಾಂವ. ಪೂಜಿ ಮುಗಿಸಿದಾಕಿನ ಇಲ್ಲೆ ಬಂದು ಮಣಕಾಲೂರತೀನಿ. ಇದೂ ಪೂಜಿನ ಅಂತ ತಿಳೀರಿ. ಮತ್ತ ಆ ಎಲಿ ಕೆಳಗ ಕಂದು ಗಂಟ… ಅದರಾಗ ಆಕಿ ಮಕ್ಕಳ ಅದಾವ, ನೂರಾರು. ಅಯ್ಯ, ಜೋರ ಉಸರ ಬಿಡಬ್ಯಾಡ್ರಿ!

ಸೋಮವಾರದ ಪ್ರವಚನ? ಹೌದಲ್ಲ… ಮಠದ ಅಪ್ಪಾವ್ರು ಇಲ್ಲೇ, ಈ ಹಿತ್ತಲದಾಗನ ಕೂಡೋರಿದ್ರು. ಪೆಂಡಾಲದಾಂವ ಈ ಗಿಡಾ ಕಡೀಬೇಕು ಅಂದಾನ, ಅದೂ ಕೇಳೀನಿ. ನಾ ಬ್ಯಾಡ ಅಂದೀನೇನು? ಗುರುವಿನ ಕಾರ್ಯಕ್ಕ ಬ್ಯಾಡ ಅನ್ನೂ ನಾಲಿಗಿ ಅಲ್ಲ ಇದು. ಇನ್ನ 'ಕೋಳಿ ಇದ್ದ ಮನಿ ನಮಗ ಬ್ಯಾಡ' ಅಂತ ನೀವೆಲ್ಲಾ ಪಂಕಜಾಕ್ಷಿಯವರ ಹೋಟೆಲಿನ ಮ್ಯಾಲಿನ ಹಾಲಿಗೆ ಹೋದ್ರ, ನಾ ಏನ ಮಾಡ್ಲಿ? ಶಬ್ದದ ತಪ್ಪು. ಬರೇ ಶಬ್ದದ ತಪ್ಪು.

…ಮೊಬೈಲಿನ್ಯಾಗ ಏನ ಹುಡಕಾಕತ್ತೀರಿ? ಹಿಂದ ಹಿಂದ ಹೋಗಬ್ಯಾಡ್ರಿ, ಹಳೇವೆಲ್ಲ… ಹಾಂ, ಅದು ದಸರಾದ್ದು. 'ನಮ್ಮ ಜೇಡವ್ವ'. ಫೋಟೋ ಸಹಿತ. ಅದು… ಅದೂ ನಂದ. 'ಜೇಡಪ್ಪ ಸಣ್ಣಾಂವ, ಜೇಡವ್ವ ದೊಡ್ಡಾಕಿ'… ಹೂಂ. ಎಲ್ಲಾದಕ್ಕೂ ಜೇಡ ಅಂತನ ಬರದೀನಿ. ಎಲ್ಲಾದಕ್ಕೂ ಫೋಟೋ ಹಾಕೀನಿ. ಮೊನ್ನೆ ಒಂದಕ್ಕ…

ವಸಂತಕ್ಕಾರ?

ಆ ಫೋಟೋ ನನ್ನ ಮಾರಿಗೆ ಹಿಡೀಬ್ಯಾಡ್ರಿ. ಬೈರಿ, ನಗರಿ… ಹಿಂಗ ನೋಡಬ್ಯಾಡ್ರಿ! ಕೊರಳಾಗ ಲಿಂಗ ಅದ, ನೀವು ಹಿಂಗ ನೋಡಿದ್ರ ನನಗ…

ಹೂಂ. ಬೇಕಂತನ ಬರದೆ. ಒಂದ ಶಬ್ದರಿ! ಅದೂ ಸುಳ್ಳಲ್ಲ, ಕೃಷ್ಣಾಜಿನ್ನ ಕೇಳ್ರಿ! ಅಪ್ಪಾವ್ರ ಮುಂದ ನಾನ ಹೇಳಿ ಅಡ್ಡಬೀಳ್ತೀನಿ. ಸೋಮವಾರದ ತನಕ ಈಕಿ ಕೋಳಿ ಆಗೇ ಇರ್ಲಿ. ಮಂಗಳವಾರ ಮುಂಜಾನೆ ಬಳಗಕ್ಕ ನಾನ ಬರೀತೀನಿ, ಜೇಡ ಅಂತ. ಫೋಟೋ ಸಹಿತ.

ಯಾರಿಗ್ರಿ ಬರ್ಯಾಕತ್ತೀರಿ? ಬಳಗಕ್ಕ? ತಡೀರಿ, ವಸಂತಕ್ಕಾರ, ನಿಮ್ಮ ಕಾಲ ಹಿಡೀತೀನಿ… ತೋರಸ್ರಿಲ್ಲೆ… 'ಕೋಳಿ ಖರೇನ ಅದ. ಕಣ್ಣಾರೆ ನೋಡಿ ಬಂದೆ. ಪ್ರವಚನಕ್ಕ ಪಂಕಜಾಕ್ಷಿಯವರ ಹಾಲಿಗೇ ನಡೀರಿ'…

ಅಯ್ಯ ನನ್ನವ್ವಾ!