ಕಿವಿಗಿಟ್ಟ ಕಾಳು

ಪರರ ಮಾತಿಗೆ ಕಿವಿಗೊಡಬಾರದು, ನಿಜ. ಆದರೆ ಅಮೆರಿಕದ ಟಲ್ಸಾ ಊರಿನ ಆ ಬಸ್ ನಿಲ್ದಾಣದಲ್ಲಿ ಇದ್ದದ್ದು ಒಂದೇ ಬೆಂಚು. ಪಕ್ಕದಲ್ಲಿ ತಾಯಿ, ಮಗಳು ಕೂತಿದ್ದರು.

"ಹಟ ಮಾಡೋನು ನಿನ್ನ ಮಗ ವೇಡ್. ಕ್ಲಿನಿಕ್ಕಲ್ಲಿ ಪಾಠ ನಿನಗ್ಯಾಕೇ, ಲೊರೇನ್?"

"ಅಲ್ಲಿ ಹಾಗೇನೇ ಅಮ್ಮ. ನಾನು ವೇಡ್ ಜೊತೆ ಆಡ್ತಿರ್ತೀನಿ. ಆ ಕಡೆಯಿಂದ ಮಾತ್ರ ಕಾಣೋ ಕನ್ನಡಿ ಹಿಂದೆ ಕೂತಿರೋ ಮೇಡಮ್ಮು, ಏನು ಮಾತಾಡ್ಬೇಕು ಅಂತ ನನ್ನ ಕಿವೀಲಿರೋ ಇಯರ್‌ಫೋನಲ್ಲಿ ಹೇಳ್ಕೊಡ್ತಾರೆ."

"ಏನಂತ?"

"'ಆಟದ ಕಾರನ್ನ ಎಷ್ಟು ಮೆತ್ತಗೆ ಇಟ್ಟೆ, ಜಾಣ' ಅನ್ನಿ ಅಂತಾರೆ. ಅಂತೀನಿ."

"ಅದನ್ನೂ ಹೇಳ್ಕೊಡಬೇಕಾ?"

"ನನ್ನ ಬಾಯಿಗೆ ಬರಲ್ಲಮ್ಮ."

ತಾಯಿ ತೊಡೆಯ ಮೇಲಿದ್ದ ಚೀಲವನ್ನು ಕೆಳಗಿಟ್ಟಳು. ಆಮೇಲೆ ಕೇಳಿದಳು, "ಮನೇಲಿ ಯಾರು ಹೇಳ್ಕೊಡ್ತಾರೆ?"

"ನಿನ್ನೆ ಹಾಲು ಚೆಲ್ಲಿದ. ಕೂಗಾಡ್ಬಿಟ್ಟೆ. ಅವನು ಅಡುಗೆಮನೆಗೆ ಓಡಿಹೋಗಿ ಒಂದು ಬೀನ್ಸ್ ಕಾಳು ತಂದ. 'ಇದನ್ನ ಕಿವೀಲಿಟ್ಕೊಂಡು ಕ್ಲಿನಿಕ್ಕಲ್ಲಿ ಮಾತಾಡೋ ಹಾಗೆ ಮಾತಾಡಮ್ಮ' ಅಂದ."

"ನೀನೇನ್ ಮಾಡ್ದೆ?"

"ಮುಖ ಎತ್ತಕ್ಕಾಗ್ಲಿಲ್ಲ. ಇಟ್ಕೊಂಡೆ."

ಬಸ್ಸು ಬಂತು. ಮಗಳು ಎದ್ದಳು. ತಾಯಿ ಕೂತೇ ಇದ್ದಳು.

"ಲೊರೇನ್, ನಾನು ನಿನಗೆ ಯಾವತ್ತಾದ್ರೂ ಜಾಣೆ ಅಂದಿದ್ದೀನೇನೇ?"

ಮಗಳು ತಾಯಿಯ ಚೀಲವನ್ನು ಹೆಗಲಿಗೇರಿಸಿಕೊಂಡಳು.

"ಹತ್ತಮ್ಮ, ಬಸ್ಸು ಹೊರಟ್ಬಿಡತ್ತೆ."