ಇನ್ನೂರ ನಲವತ್ತರ ಟೈರು

ಸ್ಕೂಟರಿನ ಪಂಕ್ಚರ್ ಹಾಕಿಸಿ ಮುಗಿದಿದ್ದರೂ ದರ್ಜಿ ಟೈರಂಗಡಿಯ ಬೆಂಚು ಬಿಟ್ಟು ಏಳಲಿಲ್ಲ. ಎದುರಿಗೆ ಆನೆಮರಿಯಂಥ ಟೂರಿಂಗ್ ಬೈಕು ನಿಂತಿತ್ತು. ಅದರ ಒಡತಿ ಹೊಸ ಟೈರು ಆರಿಸುತ್ತಿದ್ದಳು. ಬಸ್ಸು ಹತ್ತಿ ಅವಳ ಬೆನ್ನಿಗೇ ಬಂದಿದ್ದ ತಾಯಿ ಅಡ್ಡಗಾಲು ಹಾಕುತ್ತಿದ್ದಳು. ಇಂಥ ಜುಗಲ್‌ಬಂದಿ ಬಿಟ್ಟು ಹೋಗುವುದುಂಟೇ?

"ಟೈರಿನ ಮೇಲೆ ಏನೇ ಅದು ಅಕ್ಷರ?"

"ಎಷ್ಟು ಸ್ಪೀಡು ತಡ್ಕೊಳ್ಳುತ್ತೆ ಅಂತಮ್ಮ. 'ವಿ' ಅಂದ್ರೆ ಇನ್ನೂರ ನಲವತ್ತು."

"ವಿಮಾನ ಓಡಿಸ್ತೀಯೇನೇ? ಏನಪ್ಪಾ, ಎಂಬತ್ತರದ್ದು ಇದ್ರೆ ಕೊಡು. ಅದಕ್ಕಿಂತ ಜೋರಾಗಿ ಇವಳು ಹೋಗ್ಲೇಬಾರದು."

ಅಂಗಡಿಯವನು ನಗು ನುಂಗಿಕೊಂಡ. "ಟೈರು ಗಾಡೀನ ತಡೆಯಲ್ಲಮ್ಮಾ. ಇಷ್ಟು ಭಾರದ ಗಾಡಿಗೆ ಕಮ್ಮೀದು ಹಾಕಿದ್ರೆ, ಗಾಡಿ ಓಡೋದು ಓಡೇ ಓಡುತ್ತೆ, ಟೈರು ಕಾದು ಒಡೆಯುತ್ತೆ."

ತಾಯಿಯ ಮುಖ ಸಣ್ಣಗಾಯಿತು.

"ಮತ್ತೆ ಇವಳನ್ನ ತಡೆಯೋರು ಯಾರು?"

"ನೀನೇ ಹಿಂದೆ ಕೂತ್ಕೋ," ಎಂದಳು ಮಗಳು.

"ಕೂರ್ತೀನಿ, ಏನಂದ್ಕೊಂಡೆ! ಹಾಕಪ್ಪಾ ಆ ವಿಮಾನದ್ದೇ."

ಟೈರು ಕೂರಿಸಿ ಅಂಗಡಿಯವನು ಹೇಳಿದ: "ಹೊಸದು ಜಾರುತ್ತೆ. ಸ್ವಲ್ಪ ಸವೆಯೋವರೆಗೂ ನಿಧಾನ."

ಮಗಳು ಬೈಕಿನ ಹಿಂದಿನ ಪೆಟ್ಟಿಗೆಯಿಂದ ಇನ್ನೊಂದು ಹೆಲ್ಮೆಟ್ ತೆಗೆದು ತಾಯಿಗೆ ಬಿಗಿದಳು. ಬೈಕು ಮದುಮಗಳ ಹಾಗೆ ಮೆಲ್ಲಗೆ ಬೀದಿಗಿಳಿಯಿತು. ಸೈಕಲ್ಲೊಂದು ಗಂಟೆ ಹೊಡೆದು ಅವರನ್ನು ದಾಟಿತು. ತಿರುವಿನಿಂದ ದರ್ಜಿಯ ಕಿವಿಗೆ ಬಿದ್ದದ್ದು ತಾಯಿಯ ದನಿ:

"ಸೈಕಲ್ಲು ಮುಂದೆ ಹೋಯ್ತಲ್ಲೇ! ಎಲ್ಲೇ ನಿನ್ನ ಇನ್ನೂರ ನಲವತ್ತು?"